ಹದಿನಾರು ಸಾಲಿನೊಳಗೆ ಒಂದು ಒತ್ತಕ್ಷರ

ಕಂಪ್ಯೂಟರಿನ ಹಳೆಯ ಕಾಲದ ಅಕ್ಷರಗಳಿಗೆ ಈಗ ಮತ್ತೆ ಶುಕ್ರದೆಸೆ ಬಂದಿದೆ. ಮೊಬೈಲ್ ಆಟಗಳ ಶೀರ್ಷಿಕೆ, ಟೀ ಶರ್ಟು, ಕಾಫಿ ಅಂಗಡಿಯ ಮೆನು, ಪ್ರೋಗ್ರಾಂ ಬರೆಯುವವರ ಎಡಿಟರು ಹೀಗೆ ಎಲ್ಲಿ ನೋಡಿದರೂ ಚೌಕ ಚುಕ್ಕೆಗಳಿಂದ ಕಟ್ಟಿದ, ಎಲ್ಲವೂ ಒಂದೇ ಅಗಲದ ಇಂಗ್ಲಿಷ್ ಅಕ್ಷರಗಳು. ಡಿಇಸಿ ಕಂಪನಿಯ ವಿಟಿ320 ಟರ್ಮಿನಲ್ಲಿನ ಬರಹವನ್ನು ಆಧರಿಸಿದ ‘ವಿಟಿ323’, 1980ರ ದಶಕದ ನ್ಯಾಮ್ಕೊ ಆರ್ಕೇಡ್ ಆಟಗಳ ಅಕ್ಷರಗಳನ್ನು ಅನುಸರಿಸಿದ ‘ಪ್ರೆಸ್ ಸ್ಟಾರ್ಟ್ 2ಪಿ’ ಮುಂತಾದ ಫಾಂಟುಗಳನ್ನು ಯಾರು ಬೇಕಾದರೂ ದುಡ್ಡು ಕೊಡದೆ ಇಳಿಸಿಕೊಳ್ಳಬಹುದು. ಒಂದೇ ಅಗಲದ ಚುಕ್ಕೆಗಳಲ್ಲಿ ಅಕ್ಷರ ಕೂರಿಸುವುದು ಇಂಗ್ಲಿಷಿಗೆ ಎಂದೋ ಬಗೆಹರಿದ ಸಮಸ್ಯೆ. ಆಗ ಸಿಕ್ಕ ಉತ್ತರದ ಚೆಲುವನ್ನು ಈಗಿನವರು ಬಿಡುವಾಗಿ ಸವಿಯುತ್ತಿದ್ದಾರೆ. ಕನ್ನಡದ ಮಾತು ಬೇರೆ. ಒಂದೇ ಅಗಲದ ಚುಕ್ಕೆಮನೆಯಲ್ಲಿ ಕನ್ನಡದ ಅಕ್ಷರ ಹೇಗೆ ಕೂರಬೇಕು ಎಂಬ ಪ್ರಶ್ನೆಗೆ ನಮ್ಮಲ್ಲಿ ಇನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ. ಭಾರತದ ಲಿಪಿಗಳ ಪರವಾಗಿ ಈ ಪ್ರಶ್ನೆಯನ್ನು ಮೊದಲು ಗಂಭೀರವಾಗಿ ಎತ್ತಿಕೊಂಡು ಅರ್ಧ ದಾರಿ ಸವೆಸಿದ ಊರುಗಳಲ್ಲಿ ಪುಣೆ ಮುಖ್ಯವಾದದ್ದು. ಉಳಿದ ಅರ್ಧವನ್ನು ನಡೆಯುವುದು ಹಳೆಯದರ ಮೇಲಿನ ಮೋಹವಲ್ಲ, ಇವತ್ತಿನ ಬಸ್ಸಿನ ಫಲಕಕ್ಕೂ ಟಿಕೆಟ್ಟಿನ ಚೀಟಿಗೂ ಕೋಡ್ ಬರೆಯುವ ಪರದೆಗೂ ಬೇಕಾದ ಕೆಲಸ ಎಂಬುದು ನನ್ನ ವಾದ.

ಈ ಅಕ್ಷರಗಳ ರೂಪ ಹುಟ್ಟಿದ್ದು ಅಭಿರುಚಿಯಿಂದಲ್ಲ, ಮೆಮೊರಿಯ ಬೆಲೆಯಿಂದ. 1981ರಲ್ಲಿ ಬಂದ ಐಬಿಎಂ ಪಿಸಿಯ ಪರದೆ ಅಡ್ಡಕ್ಕೆ 80, ಉದ್ದಕ್ಕೆ 25, ಒಟ್ಟು 2000 ಮನೆಗಳಾಗಿ ಹಂಚಿಹೋಗಿತ್ತು. ಒಂದೊಂದು ಮನೆಗೆ ಎರಡು ಬೈಟ್: ಯಾವ ಅಕ್ಷರ ಎಂದು ಹೇಳಲು ಒಂದು, ಅದರ ಬಣ್ಣ ಹೊಳಪು ಹೇಳಲು ಇನ್ನೊಂದು. ಪರದೆ ತುಂಬ ಬರೆದರೂ 4000 ಬೈಟಿನಲ್ಲಿ ಮುಗಿಯುತ್ತಿತ್ತು. ಅಕ್ಷರಗಳ ಚಿತ್ರ ಬೇರೊಂದು ಚಿಪ್ಪಿನಲ್ಲಿ ಇರುತ್ತಿತ್ತು, ಅಲ್ಲಿ 256 ಚಿತ್ರಗಳಿಗಷ್ಟೇ ಜಾಗ. ಬಣ್ಣದ ಪರದೆಯಲ್ಲಿ ಒಂದು ಅಕ್ಷರ 8 ಚುಕ್ಕೆ ಅಗಲ, 8 ಚುಕ್ಕೆ ಎತ್ತರ. ಏಕವರ್ಣದ ಪರದೆಯಲ್ಲಿ 9 ಅಗಲ, 14 ಎತ್ತರ. 1987ರಲ್ಲಿ ವಿಜಿಎ ಎಂಬ ಪರದೆಯ ಮಾನಕ ಬಂದ ಮೇಲೆ ಎತ್ತರ 16ಕ್ಕೆ ಏರಿತು. 8 ಅಗಲ 16 ಎತ್ತರದ ಒಂದು ಚಿತ್ರಕ್ಕೆ 16 ಬೈಟ್, 256 ಚಿತ್ರಗಳಿಗೆ 4096 ಬೈಟ್. ಅಗಲ ಒಂದೇ ಇರಬೇಕಾದದ್ದೂ ಇದೇ ಉಳಿತಾಯಕ್ಕಾಗಿ. ಐನೂರನೆಯ ಮನೆ ಪರದೆಯ ಮೇಲೆ ಎಲ್ಲಿದೆ ಎಂದು ತಿಳಿಯಲು ಒಂದು ಭಾಗಾಕಾರ ಸಾಕು. ಅದರ ಹಿಂದಿನ 499 ಅಕ್ಷರಗಳ ಅಗಲವನ್ನು ಒಂದೊಂದಾಗಿ ಕೂಡುತ್ತ ಬರಬೇಕಿಲ್ಲ.

ಈ ಇಕ್ಕಟ್ಟಿನಲ್ಲಿ ಬರೆದವರು ಕಂಡುಕೊಂಡ ಉಪಾಯಗಳು ನಿಜಕ್ಕೂ ಮೆಚ್ಚುವಂಥವು. ಇಂಗ್ಲಿಷಿನ ಸಣ್ಣ ‘ಇ’ ಅಕ್ಷರದಲ್ಲಿ ಮೂರು ಅಡ್ಡಗೆರೆಗಳಿವೆ. ಗೆರೆಗಳು ಒಂದಕ್ಕೊಂದು ಅಂಟದಿರಬೇಕಾದರೆ ನಡುವೆ ಒಂದೊಂದು ಖಾಲಿ ಸಾಲು ಬೇಕು. ಅಲ್ಲಿಗೆ ಐದು ಸಾಲಾಯಿತು; ಆ ಭಾಷೆಯ ಸಣ್ಣಕ್ಷರಗಳ ಎತ್ತರವನ್ನು ಇದಕ್ಕಿಂತ ಕಡಿಮೆ ಮಾಡಲು ಬರುವುದಿಲ್ಲ. ಕಡ್ಡಿಯಂಥ ‘ಐ’ ತನ್ನ ಮನೆಯಲ್ಲಿ ಒಂಟಿಯಾಗಿ ನಿಲ್ಲದಂತೆ ಅಡಿಗೊಂದು ಪಟ್ಟಿ ಕೊಟ್ಟರು. ಮೂರು ಕಾಲಿನ ‘ಎಂ’ನ ಕಾಲುಗಳನ್ನು ಒತ್ತಿ ಹತ್ತಿರ ತಂದರು. ವಿಜಿಎದಲ್ಲಿ ಚಿತ್ರ 8 ಚುಕ್ಕೆಯದಾದರೂ ಮನೆಯ ಅಗಲ 9. ಒಂಬತ್ತನೆಯ ಕಂಬವನ್ನು ಖಾಲಿ ಬಿಟ್ಟು ಅಕ್ಷರಗಳ ನಡುವೆ ಉಸಿರಾಡಲು ಜಾಗ ಮಾಡಿದರು. ಕೋಷ್ಟಕದ ಗೆರೆ ಎಳೆಯುವ ಚಿಹ್ನೆಗಳಿಗೆ ಮಾತ್ರ ಎಂಟನೆಯ ಕಂಬವನ್ನೇ ಒಂಬತ್ತನೆಯದಕ್ಕೂ ನಕಲು ಮಾಡಿ ಗೆರೆ ಕಡಿಯದಂತೆ ನೋಡಿಕೊಂಡರು. ಅಕ್ಷರ ಬಿಡಿಬಿಡಿ, ಗೆರೆ ಇಡಿ ಎಂಬ ಈ ಏರ್ಪಾಡು ಇಂಗ್ಲಿಷಿಗೆ ಒಪ್ಪುವಂಥದ್ದು. ತಲೆಯ ಮೇಲಿನ ಗೆರೆ ಪದದುದ್ದಕ್ಕೂ ಹರಿಯುವ ಮರಾಠಿಗೆ ಇದು ಮೊದಲ ಹೆಜ್ಜೆಯಲ್ಲೇ ಒಗ್ಗಲಿಲ್ಲ.

ಕನ್ನಡದ ತೊಡಕು ಎಣಿಕೆಯಿಂದಲೇ ಶುರು. ವ್ಯಂಜನ 34. ಒಂದೊಂದಕ್ಕೆ ತಲಕಟ್ಟಿನಿಂದ ಔತ್ವದವರೆಗೆ 13 ಕಾಗುಣಿತ ರೂಪ. ಒಂದು ವ್ಯಂಜನಕ್ಕೆ ಇನ್ನೊಂದು ಒತ್ತಾಗಿ ಬಂದರೆ 34ಕ್ಕೆ 34 ಗುಣಿಸಿ 1156 ಜೋಡಿ. ಅವಕ್ಕೆ ಕಾಗುಣಿತ ಹಚ್ಚಿದರೆ 15,028. ‘ರಾಷ್ಟ್ರ’, ‘ಶಾಸ್ತ್ರ’ದಲ್ಲಿರುವಂತೆ ಎರಡೆರಡು ಒತ್ತು ಇರುವ ಅಕ್ಷರಗಳು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಇವುಗಳಲ್ಲಿ ಎಷ್ಟೋ ಜೋಡಿಗಳನ್ನು ಯಾರೂ ಬಳಸುವುದಿಲ್ಲ ನಿಜ. ಆದರೂ 256 ಮನೆಯ ಚಿಪ್ಪಿನೊಳಗೆ ಒಂದೊಂದು ಅಕ್ಷರಕ್ಕೂ ಒಂದೊಂದು ಚಿತ್ರ ಎಂಬ ಯೋಜನೆಗೆ ಇಲ್ಲಿ ಜಾಗವೇ ಇಲ್ಲ.

ಈ ಗೋಡೆಯನ್ನು ಒಡೆದ ಕೆಲಸ ಕಾನ್ಪುರದ ಐಐಟಿಯಲ್ಲಿ ಆರಂಭವಾಗಿ ಪುಣೆಯಲ್ಲಿ ಬೆಳೆಯಿತು. 1980ರ ದಶಕದ ಆರಂಭದಲ್ಲಿ ಆರ್.ಎಂ.ಕೆ. ಸಿನ್ಹಾ ಅವರ ಮಾರ್ಗದರ್ಶನದ ತಂಡ ದೇವನಾಗರಿ ತೋರಿಸುವ ಟರ್ಮಿನಲ್ ಕಟ್ಟಿತು. ಮೋಹನ್ ತಾಂಬೆ ಅದರ ಮುಂದಿನ ರೂಪವಾದ ‘ಜಿಸ್ಟ್’ ತಂತ್ರಜ್ಞಾನದ ಹಿಂದಿನ ಮುಖ್ಯ ಎಂಜಿನಿಯರ್. 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸ್ಥಾಪನೆಯಾದಾಗ ಜಿಸ್ಟ್ ಅಲ್ಲಿಗೆ ಬಂತು. ಆ ಸಂಸ್ಥೆಯ ಹೆಸರು ಜನರ ಬಾಯಲ್ಲಿ ನಿಂತಿರುವುದು ವಿಜಯ್ ಭಟ್ಕರ್ ಅವರ ನೇತೃತ್ವದಲ್ಲಿ 1991ರಲ್ಲಿ ಸಿದ್ಧವಾದ ಪರಮ್ 8000 ಸೂಪರ್ ಕಂಪ್ಯೂಟರಿನಿಂದ. ಅದೇ ಕಾಲದಲ್ಲಿ ಅದೇ ಸಂಸ್ಥೆಯಲ್ಲಿ ತಯಾರಾದ ಸರ್ಕ್ಯೂಟ್ ಹಲಗೆ ನಮ್ಮ ಭಾಷೆಗಳಿಗೆ ಮಾಡಿದ ಉಪಕಾರ ಅದಕ್ಕಿಂತ ಚಿಕ್ಕದೆಂದು ನನಗೆ ಅನ್ನಿಸುವುದಿಲ್ಲ. ಜಿಸ್ಟ್ ಕಾರ್ಡನ್ನು ಪಿಸಿಯೊಳಗೆ ಸಿಕ್ಕಿಸಿದರೆ ಇಂಗ್ಲಿಷ್ ಬಿಟ್ಟು ಬೇರೆ ಗೊತ್ತಿಲ್ಲದ ವರ್ಡ್‌ಸ್ಟಾರ್, ಡಿಬೇಸ್, ಲೋಟಸ್ ಮುಂತಾದ ಡಾಸ್ ಪ್ರೋಗ್ರಾಂಗಳಲ್ಲಿ ಕನ್ನಡ, ಮರಾಠಿ, ತಮಿಳು ಟೈಪು ಮಾಡಬಹುದಿತ್ತು. ಪ್ರೋಗ್ರಾಮಿಗೆ ತಾನು ಕನ್ನಡ ತೋರಿಸುತ್ತಿದ್ದೇನೆ ಎಂಬುದೇ ತಿಳಿದಿರಲಿಲ್ಲ. ಅದು ಎಂದಿನಂತೆ ಬೈಟುಗಳನ್ನು ಪರದೆಗೆ ಕಳಿಸುತ್ತಿತ್ತು. ದಾರಿಯಲ್ಲಿ ಕಾರ್ಡು ಅವುಗಳನ್ನು ಹಿಡಿದು, ಯಾವುದಕ್ಕೆ ಯಾವುದು ಒತ್ತು, ಯಾವುದಕ್ಕೆ ಯಾವ ಕಾಗುಣಿತ ಎಂದು ನೋಡಿ, ಅಕ್ಷರ ಕಟ್ಟಿ ಚುಕ್ಕೆಗಳಾಗಿ ಇಳಿಸುತ್ತಿತ್ತು. ದೂರದರ್ಶನದ ಕಾರ್ಯಕ್ರಮಗಳಿಗೆ ಹಲವು ಭಾಷೆಗಳ ಅಡಿಬರಹ ಕೊಡುವ ‘ಲಿಪ್ಸ್’ ವ್ಯವಸ್ಥೆಯೂ ಇದೇ ತಂಡದ್ದು.

ಜಿಸ್ಟ್ ಕಾರ್ಡಿನ ಒಳಗಿನ ತತ್ವ ಸರಳವಾಗಿತ್ತು: ಕಡತದಲ್ಲಿ ಉಳಿಯಬೇಕಾದದ್ದು ಅಕ್ಷರದ ಆಕಾರವಲ್ಲ, ಅದರ ಉಚ್ಚಾರದ ಕ್ರಮ. ‘ಸ್ತ್ರೀ’ ಎಂದು ಬರೆಯಲು ಸ, ಅರ್ಧಾಕ್ಷರದ ಗುರುತು, ತ, ಮತ್ತೆ ಆ ಗುರುತು, ರ, ಕೊನೆಗೆ ಈಕಾರ, ಹೀಗೆ ಆರು ಸಂಕೇತ. ಅದು ಪರದೆಯ ಮೇಲೆ ಹೇಗೆ ಕಾಣಬೇಕು ಎಂಬುದು ಪರದೆಯ ತಲೆನೋವು. ಈ ಕ್ರಮವೇ ‘ಇಸ್ಕಿ’ ಎಂಬ ಹೆಸರಿನಲ್ಲಿ 1988ರಲ್ಲಿ ರೂಪುಗೊಂಡು 1991ರಲ್ಲಿ ಐಎಸ್ 13194 ಎಂಬ ಭಾರತೀಯ ಮಾನಕವಾಯಿತು. ಎಲ್ಲ ಲಿಪಿಗಳ ‘ಕ’ಕ್ಕೂ ಒಂದೇ ಸಂಕೇತ, ಎಲ್ಲಕ್ಕೂ ಒಂದೇ ‘ಇನ್‌ಸ್ಕ್ರಿಪ್ಟ್’ ಕೀಲಿಮಣೆ. ಯುನಿಕೋಡ್ ತನ್ನ ಭಾರತೀಯ ಲಿಪಿಗಳ ಜೋಡಣೆಯನ್ನು 1988ರ ಇಸ್ಕಿಯಿಂದಲೇ ಪಡೆಯಿತು. ಅದರ ಗುರುತು ಇವತ್ತಿನ ಪ್ರತಿಯೊಂದು ಮೊಬೈಲಿನಲ್ಲೂ ಇದೆ: ಯುನಿಕೋಡಿನಲ್ಲಿ ದೇವನಾಗರಿಯ ‘ಕ’ 2325ನೆಯ ಸಂಖ್ಯೆ, ಕನ್ನಡದ ‘ಕ’ 3221, ದೇವನಾಗರಿಯ ‘ಗ’ 2327, ಕನ್ನಡದ್ದು 3223. ಎರಡರ ನಡುವೆಯೂ 896ರದೇ ಅಂತರ. ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಚುಕ್ಕೆ ಪರದೆಗಾಗಿ ಹಾಕಿದ ಪಾಯದ ಮೇಲೆ ನಾವು ಇಂದು ಸಂದೇಶ ಕಳಿಸುತ್ತಿದ್ದೇವೆ.

ಅದೇ ಕಾಲದಲ್ಲಿ ಬೇರೆಯೇ ದಾರಿ ಹಿಡಿದವರೂ ಇದ್ದರು, ಅವರ ಪರವಾಗಿಯೂ ಹೇಳಬೇಕಾದ ಮಾತಿದೆ. ವಿಂಡೋಸ್ ಮತ್ತು ಡಿಟಿಪಿ ಬಂದ ಮೇಲೆ ಚುಕ್ಕೆ ಅಕ್ಷರ ಒರಟಾಗಿ ಕಾಣತೊಡಗಿತು. ಪುಣೆಯದೇ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ, ಬೆಂಗಳೂರಿನ ಆಕೃತಿ, ಕನ್ನಡ ಗಣಕ ಪರಿಷತ್ತಿನ ನುಡಿ ಕನ್ನಡದ ಪತ್ರಿಕೆ, ಪುಸ್ತಕ, ಲಗ್ನಪತ್ರಿಕೆಗಳಿಗೆ ಚೆಂದದ ಅಕ್ಷರ ಕೊಟ್ಟವು. ಅವು ಅಕ್ಷರದ ತುಂಡುಗಳಿಗೆ ಸಂಕೇತ ಕೊಟ್ಟಿದ್ದವು: ಗುಡಿಸಿಗೊಂದು, ಒತ್ತಿಗೊಂದು, ಕೊಂಬಿಗೊಂದು. ಮುದ್ರಣಕ್ಕೆ ಅಷ್ಟೇ ಸಾಕಿತ್ತು, ಕೆಲಸ ಬೇಗ ಆಗುತ್ತಿತ್ತು, ಬಳಸುವವರಿಗೆ ಆಗ ಬೇಕಾದದ್ದೂ ಅದೇ. ಆದರೆ ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ತೆರೆದರೆ ಕಲಸುಮೇಲೋಗರ. ಅಕಾರಾದಿಯಾಗಿ ಹೊಂದಿಸುವುದು, ಪದ ಹುಡುಕುವುದು ಪಡಿಪಾಟಲು. ಆ ವರ್ಷಗಳ ಕಡತಗಳನ್ನು ಯುನಿಕೋಡಿಗೆ ತರಲು ಇಂದಿಗೂ ಪರಿವರ್ತಕ ತಂತ್ರಾಂಶಗಳು ಬೇಕಾಗುತ್ತಿವೆ. ಒರಟು ಚುಕ್ಕೆಯ ಪರದೆಗಾಗಿ ಯೋಚಿಸಿದವರು ಉಚ್ಚಾರವನ್ನು ಉಳಿಸಿದರು, ನುಣುಪಾದ ಕಾಗದಕ್ಕಾಗಿ ಯೋಚಿಸಿದವರು ಆಕಾರವನ್ನು ಉಳಿಸಿದರು. ಕಾಲ ಕಳೆದ ಮೇಲೆ ಬಾಳಿದ್ದು ಮೊದಲನೆಯದು.

ಹಾಗಾದರೆ ಪುಣೆಯ ದಾರಿ ಅರ್ಧಕ್ಕೆ ನಿಂತಿತು ಎಂದದ್ದೇಕೆ? ಸಂಕೇತದ ಭಾಗ ಗೆದ್ದು ಜಗತ್ತಿಗೇ ಸಂದಿತು. ಒಂದು ಅಕ್ಷರ ಎಷ್ಟು ಮನೆ ಹಿಡಿಯಬೇಕು, ಎಷ್ಟು ಸಾಲಿನಲ್ಲಿ ಓದಲು ಬರಬೇಕು ಎಂಬ ಭಾಗ ಕಾರ್ಡಿನ ಜತೆಗೇ ಮೂಲೆ ಸೇರಿತು. ಈ ಭಾಗದ ಕಷ್ಟ ಎಲ್ಲಿದೆ ಎಂದು ತಿಳಿಯಲು ಕಂಪ್ಯೂಟರ್ ಬೇಕಿಲ್ಲ. ಮಕ್ಕಳ ಲೆಕ್ಕದ ಚೌಕುಳಿ ಪುಸ್ತಕ ತೆರೆದು ‘ಪರಿಸ್ಥಿತಿ’ಯ ಮೂರನೆಯ ಅಕ್ಷರವನ್ನು ಚೌಕ ತುಂಬುತ್ತ ಬರೆದರೆ ಸಾಕು. ಗುಡಿಸಿನ ಸುತ್ತಿನಲ್ಲಿ ತೂತು ಕಾಣಬೇಕಾದರೆ ಮೂರು ಸಾಲು. ಅದು ಮೈಗೆ ಅಂಟದಿರಲು ಒಂದು ಖಾಲಿ ಸಾಲು. ‘ಸ’ದ ಮೈಗೆ ಮೇಲಿನ ಗೆರೆ, ಒಳಗಿನ ಗೆರೆ, ಕೆಳಗಿನ ಗೆರೆ, ನಡುವೆ ಎರಡು ಖಾಲಿ, ಒಟ್ಟು ಐದು. ಮತ್ತೆ ಒಂದು ಖಾಲಿ. ಕೆಳಗೆ ಥಕಾರದ ಒತ್ತು: ಮೇಲಿನ ಗೆರೆ, ಹೊಟ್ಟೆಯೊಳಗಿನ ಚುಕ್ಕೆ, ಕೆಳಗಿನ ಗೆರೆ, ನಡುವಿನ ಖಾಲಿಗಳು ಸೇರಿ ಐದು, ಅಡಿಯ ಸೀಳಿಗೆ ಎರಡು. ಕೂಡಿದರೆ 17. ವಿಜಿಎ ಕೊಟ್ಟದ್ದು 16. ಒಂದೇ ಒಂದು ಸಾಲು ಕಡಿಮೆ, ಆ ಒಂದು ಸಾಲಿಗಾಗಿ ಚುಕ್ಕೆಯನ್ನೋ ಸೀಳನ್ನೋ ಬಿಟ್ಟರೆ ಥಕಾರ ದಕಾರವೋ ಧಕಾರವೋ ಆಗಿಬಿಡುತ್ತದೆ.

ಕನ್ನಡದಲ್ಲಿ ಅರ್ಥ ನಿಂತಿರುವುದು ಇಂಥ ಸಣ್ಣ ಗುರುತುಗಳ ಮೇಲೆ. ಪ-ಫ, ಬ-ಭ, ಡ-ಢ, ದ-ಧ ಜೋಡಿಗಳ ನಡುವೆ ಇರುವುದು ಅಡಿಯ ಸೀಳು ಮಾತ್ರ. ರ-ಠ ನಡುವೆ ಇರುವುದು ಒಂದು ಚುಕ್ಕೆ. ಪ-ಷ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಗೆರೆ. ದೊಡ್ಡ ಅಕ್ಷರದಲ್ಲಿ ಇವು ಅಲಂಕಾರದಂತೆ ಕಂಡಾವು. ಚುಕ್ಕೆಮನೆಯಲ್ಲಿ ಮೊದಲು ಇವಕ್ಕೆ ಜಾಗ ಕಾದಿರಿಸಿ ಮಿಕ್ಕದ್ದರಲ್ಲಿ ದುಂಡನ್ನೂ ಬಾಗನ್ನೂ ಬರೆಯಬೇಕು. ಚುಕ್ಕೆ ಅಕ್ಷರ ಬರೆಯುವುದರಿಂದ ಸಿಗುವ ದೊಡ್ಡ ಪಾಠ ಇದು: ಲಿಪಿಯಲ್ಲಿ ಯಾವುದು ಇಲ್ಲದಿದ್ದರೆ ನಡೆಯುವುದಿಲ್ಲ, ಯಾವುದು ಇದ್ದರೆ ಚೆನ್ನ ಎಂಬುದನ್ನು ಅದು ಬೇರ್ಪಡಿಸಿ ತೋರಿಸುತ್ತದೆ. ಅಕ್ಷರ ವಿನ್ಯಾಸ ಕಲಿಸುವ ಕಡೆ ಮೊದಲ ತಿಂಗಳು ಇದನ್ನೇ ಮಾಡಿಸಬೇಕು ಎಂದು ನಾನು ಹೇಳುವೆ.

ಕನ್ನಡದಂಥ ದುಂಡು ಲಿಪಿಯನ್ನು ಒಂದೇ ಅಗಲಕ್ಕೆ ಕಟ್ಟಿಹಾಕುವುದು ಅದರ ಸ್ವಭಾವಕ್ಕೇ ವಿರುದ್ಧ ಎಂಬ ಆಕ್ಷೇಪ ಇದೆ. ‘ರ’ ಪುಟ್ಟದು, ‘ಝ’ ಉದ್ದದ್ದು. ಇಬ್ಬರಿಗೂ ಒಂದೇ ಅಳತೆಯ ಅಂಗಿ ಹೊಲಿಯುವುದೇಕೆ ಎಂದು ಕೇಳುವವರ ಕಾಳಜಿ ನಿಜವಾದದ್ದು. ಕಾದಂಬರಿಯನ್ನೋ ಪತ್ರಿಕೆಯ ಪುಟವನ್ನೋ ಹೀಗೆ ಅಚ್ಚು ಹಾಕಬಾರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸ್ವಭಾವದ ಮಾತು ಬಂದಾಗ ಲಿಪಿಯನ್ನೇ ನೋಡಬೇಕು. ದೇವನಾಗರಿ, ಬಂಗಾಳಿ, ತಮಿಳು, ಮಲಯಾಳಂಗಳಲ್ಲಿ ವ್ಯಂಜನದ ಎಡಕ್ಕೆ ಬಂದು ಕೂರುವ ಸ್ವರಚಿಹ್ನೆಗಳಿವೆ. ಉಚ್ಚಾರದಲ್ಲಿ ನಂತರ ಬಂದದ್ದು ಬರಹದಲ್ಲಿ ಮೊದಲು ಕಾಣುತ್ತದೆ, ಕಂಪ್ಯೂಟರ್ ಹಿಂದೆ ಹೋಗಿ ಬರೆದದ್ದನ್ನು ಸರಿಸಬೇಕು. ಕನ್ನಡದಲ್ಲಿ ಎಡಕ್ಕೆ ಬರುವ ಚಿಹ್ನೆ ಒಂದೂ ಇಲ್ಲ. ತಲೆಯ ಮೇಲೆ ಪದದುದ್ದಕ್ಕೂ ಹರಿಯುವ ಗೆರೆಯೂ ಇಲ್ಲ. ಇಳಿ, ಕೊಂಬು, ಕೊಂಬಿನ ಇಳಿ, ದೀರ್ಘ, ಸೊನ್ನೆ, ವಿಸರ್ಗ ಎಲ್ಲವೂ ಬಲಗಡೆಗೆ, ಅದೇ ಸಾಲಿನಲ್ಲಿ. ‘ರ್’ ಮೊದಲು ಬರುವ ಕಡೆಯೂ ಅರ್ಕಾವತ್ತು ಅಕ್ಷರದ ಬಲಕ್ಕೆ ತನ್ನದೇ ಜಾಗ ಹಿಡಿದು ನಿಲ್ಲುತ್ತದೆ. ಎಡದಿಂದ ಬಲಕ್ಕೆ ಮನೆ ತುಂಬುತ್ತ ಹೋಗುವ ಯಂತ್ರಕ್ಕೆ ಇದಕ್ಕಿಂತ ಅನುಕೂಲದ ಭಾರತೀಯ ಲಿಪಿಗಳು ಹೆಚ್ಚಿಲ್ಲ. ಕನ್ನಡದ ಕಷ್ಟ ಅಗಲದ್ದಲ್ಲ, ಎತ್ತರದ್ದು.

ಇದು ಬರೀ ತರ್ಕವಲ್ಲ ಎನ್ನಲು ಟೈಪ್‌ರೈಟರ್ ಸಾಕ್ಷಿ. 1963ರ ರಾಜ್ಯಭಾಷಾ ಕಾಯ್ದೆಯ ನಂತರದ ದಶಕಗಳಲ್ಲಿ ಕಚೇರಿಗಳ ಆದೇಶ, ಟಿಪ್ಪಣಿ, ಸುತ್ತೋಲೆಗಳು ಕನ್ನಡಕ್ಕೆ ತಿರುಗಿದ್ದು ಆ ಯಂತ್ರದ ಮೇಲೆಯೇ. ಒತ್ತಿನ ಕೀಲಿ ಹೊಡೆದರೆ ಕಾಗದ ಮುಂದೆ ಸರಿಯದೆ ಅದೇ ಅಕ್ಷರದ ಕೆಳಗೆ ಒತ್ತು ಬೀಳುವ ಏರ್ಪಾಡು ಅದರಲ್ಲಿತ್ತು. ಆ ಬರಹ ಚೆಂದವಿತ್ತೆಂದು ಯಾರೂ ಹೇಳರು, ಓದಲು ಬರುತ್ತಿರಲಿಲ್ಲ ಎಂದೂ ಹೇಳರು. ಚೀನಿ, ಜಪಾನಿ ಭಾಷೆಗಳವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಂಗ್ಲಿಷ್ ಅಕ್ಷರಕ್ಕೆ ಒಂದು ಮನೆ, ತಮ್ಮ ಅಕ್ಷರಕ್ಕೆ ಎರಡು ಮನೆ ಎಂದು ನಿಯಮ ಮಾಡಿಕೊಂಡು ಇಡೀ ಟರ್ಮಿನಲ್ ಲೋಕ ಅದನ್ನು ಒಪ್ಪುವಂತೆ ಮಾಡಿದರು. ನಮಗೂ ಬೇಕಾದದ್ದು ಅಂಥದೊಂದು ನಿಯಮ: ಅಕ್ಷರಕ್ಕೆ ಎರಡು ಮನೆ, ಬಲಕ್ಕೆ ಚಿಹ್ನೆ ಬಂದರೆ ಒಂದು ಹೆಚ್ಚು, ಒತ್ತಿಗೆ ಅಗಲದಲ್ಲಿ ಏನೂ ಇಲ್ಲ.

ಪರದೆಗಳು ಈಗ ಕಣ್ಣಿಗೆ ಚುಕ್ಕೆಯೇ ಕಾಣದಷ್ಟು ನಯವಾಗಿರುವಾಗ ಈ ಲೆಕ್ಕವೆಲ್ಲ ಏಕೆ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಮೊಬೈಲಿನ ಮಟ್ಟಿಗೆ ಅದು ಸರಿ. ಆದರೆ ಬೀದಿಯ ಕನ್ನಡ ಮೊಬೈಲಿನಲ್ಲಿಲ್ಲ. ಅಂಗಡಿ ಮುಂಗಟ್ಟಿನಲ್ಲಿ ಓಡುವ ಕೆಂಪು ಎಲ್‌ಇಡಿ ಬರಹಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ‘ಪಿ10’ ಹಲಗೆಯಲ್ಲಿ ಇ‌ರುವುದು ಅಗಲಕ್ಕೆ 32, ಎತ್ತರಕ್ಕೆ 16 ದೀಪ. ದೀಪದಿಂದ ದೀಪಕ್ಕೆ 10 ಮಿಲಿಮೀಟರ್. 58 ಮಿಲಿಮೀಟರ್ ಕಾಗದದ ಬಿಲ್ಲು, ಟಿಕೆಟ್ ಮುದ್ರಿಸುವ ಸಾಮಾನ್ಯ ಥರ್ಮಲ್ ಪ್ರಿಂಟರು ಒಂದು ಸಾಲಿಗೆ 384 ಚುಕ್ಕೆ ಹಾಕುತ್ತದೆ. 16 ಚುಕ್ಕೆ ಅಗಲದ ಅಕ್ಷರವಾದರೆ ಸಾಲಿಗೆ 24. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟಿನಿಂದ ಹಿಡಿದು ಕಾರ್ಖಾನೆಯ ಮಾಪಕಗಳವರೆಗೆ ಬಳಕೆಯಲ್ಲಿರುವ, ಹಿಟಾಚಿಯ ಎಚ್‌ಡಿ44780 ಚಿಪ್ಪಿನ ಎಲ್‌ಸಿಡಿಯಲ್ಲಿ ಒಂದು ಮನೆ 5 ಚುಕ್ಕೆ ಅಗಲ, 8 ಎತ್ತರ. ನಮ್ಮದೇ ಚಿತ್ರ ಹಾಕಲು ಸಿಗುವುದು ಒಟ್ಟು ಎಂಟು ಜಾಗ. ಇಲ್ಲೆಲ್ಲ ದೀಪ ಉರಿಯುತ್ತದೆ ಅಥವಾ ಇಲ್ಲ, ಚುಕ್ಕೆ ಬೀಳುತ್ತದೆ ಅಥವಾ ಇಲ್ಲ. ನಡುವಿನ ಬೂದು ಬಣ್ಣದಿಂದ ಬಾಗುಗಳನ್ನು ನಯ ಮಾಡುವ ಉಪಾಯ ನಡೆಯದು. ಪುಸ್ತಕಕ್ಕೆಂದು ಬರೆದ ಫಾಂಟನ್ನು 16 ಸಾಲಿಗೆ ಕುಗ್ಗಿಸಿ ಎಲ್‌ಇಡಿಗೆ ಹಾಕಿದರೆ ಮೊದಲು ಮಾಯವಾಗುವುದೇ ಸೀಳು ಮತ್ತು ಒಳಚುಕ್ಕೆ, ಆಮೇಲೆ ಒತ್ತು.

ಪುಣೆಗೂ ಹುಬ್ಬಳ್ಳಿಗೂ ನಡುವೆ ವಾಯವ್ಯ ಕರ್ನಾಟಕ ಸಾರಿಗೆಯ ಬಸ್ಸುಗಳು ಓಡಾಡುತ್ತವೆ. 16 ದೀಪದ ಫಲಕದಲ್ಲಿ ‘ಪುಣೆ’ ಎಂದು ತೋರಿಸುವುದು ಸುಲಭ, ಒತ್ತೇ ಇಲ್ಲ. ಒತ್ತಿನ ಸಾಲುಗಳನ್ನೂ ಮೈಗೇ ಕೊಡಬಹುದು. ‘ಹುಬ್ಬಳ್ಳಿ’ಯಲ್ಲಿ ಎರಡು ಒತ್ತು, ಕೊನೆಯದರ ಮೇಲೆ ಗುಡಿಸೂ ಇದೆ. ಫಲಕದಲ್ಲಿ ಎರಡೂ ಊರು ಒಂದೇ ಎತ್ತರದಲ್ಲಿ ಕಾಣಬೇಕು ಎಂದಾದರೆ ‘ಪುಣೆ’ಯೂ ಕೆಳಗಿನ ಆರು ಸಾಲನ್ನು ಖಾಲಿ ಬಿಟ್ಟು ಕುಳ್ಳಾಗಬೇಕು. ಹಾಗೆ ಮಾಡದೆ ಸಿಕ್ಕಷ್ಟು ಹಿಗ್ಗಿಸಿದರೆ ಒಂದು ಊರಿನ ಹೆಸರು ದೂರದಿಂದಲೇ ಕಂಡು ಇನ್ನೊಂದು ಹತ್ತಿರ ಬಂದರೂ ತಿಳಿಯದು. ‘ಭದ್ರಾವತಿ’ಗೆ ಹೋಗುವವರಿಗೆ ‘ಭ’ದ ಸೀಳೂ ದಕಾರದಡಿಯ ರ ಒತ್ತೂ ಎರಡೂ ಕಾಣಬೇಕು. ಇಂಥ ನಿರ್ಧಾರಗಳನ್ನು ತಂತ್ರಾಂಶ ತಾನಾಗಿ ಮಾಡುವುದಿಲ್ಲ. ಕನ್ನಡ ಓದಬಲ್ಲ ಒಬ್ಬರು ಕೂತು, ಒಂದೊಂದು ದೀಪವನ್ನೂ ಇರಬೇಕೋ ಬೇಡವೋ ಎಂದು ತೂಗಿ ಬರೆಯಬೇಕು.

ಇಷ್ಟೊಂದು ಫಾಂಟುಗಳಿರುವಾಗ ಒಂದಾದರೂ ಈ ಕೆಲಸಕ್ಕೆ ಬಾರದೇ ಎಂದು ಕೇಳಬಹುದು. ನೋಟೊ, ಬಲೂ ತಮ್ಮ, ಅನೇಕ್, ಟಿರೊ, ಹುಬ್ಬಳ್ಳಿ, ಬೆಣ್ಣೆ ಹೀಗೆ ಮುಕ್ತವಾಗಿ ಸಿಗುವ ಒಳ್ಳೆಯ ಕನ್ನಡ ಫಾಂಟುಗಳಿವೆ. ಇವುಗಳಲ್ಲಿ ಒಂದೂ ಒಂದೇ ಅಗಲದ್ದಲ್ಲ, ಒಂದೂ ಚುಕ್ಕೆಮನೆಗೆ ಬರೆದದ್ದಲ್ಲ. ಚುಕ್ಕೆಮನೆಗೆಂದೇ ಇರುವುದು ರೋಮನ್ ಚಿಬೋರಾ 1998ರಲ್ಲಿ ಆರಂಭಿಸಿದ ಗ್ನೂ ಯುನಿಫಾಂಟ್. ಜಗತ್ತಿನ ಲಿಪಿಗಳನ್ನೆಲ್ಲ 16 ಸಾಲಿನ ಎತ್ತರದಲ್ಲಿ ಬರೆಯುವ ಆ ಸಾಹಸ ದೊಡ್ಡದು, ಕನ್ನಡವೂ ಅದರಲ್ಲಿದೆ. ಆದರೆ ಅದರ ಕಟ್ಟುನಿಟ್ಟು ಯುನಿಕೋಡಿನ ಒಂದು ಸಂಕೇತಕ್ಕೆ ಒಂದು ಚಿತ್ರ ಎಂಬುದು. ಕನ್ನಡದ ಒತ್ತುಗಳಿಗೆ ಯುನಿಕೋಡಿನಲ್ಲಿ ಬೇರೆ ಸಂಕೇತವೇ ಇಲ್ಲ, ಇರಬೇಕಾಗಿಯೂ ಇಲ್ಲ. ಆದ್ದರಿಂದ ಆ ಪಟ್ಟಿಯಲ್ಲಿ ಅವಕ್ಕೆ ಜಾಗವಿಲ್ಲ. ಪುಣೆಯ ಕಾರ್ಡು ಸಂಕೇತಗಳನ್ನು ಹಿಡಿದು ಅಕ್ಷರ ಕಟ್ಟುತ್ತಿದ್ದ ಆ ನಡುವಿನ ಹಂತವೇ ಇಲ್ಲಿ ಕಾಣೆಯಾಗಿದೆ.

ಕೋಡ್ ಬರೆಯುವವರು ಇಂಗ್ಲಿಷಿನಲ್ಲೇ ಬರೆಯುತ್ತಾರೆ, ಅವರ ಪರದೆಗೆ ಕನ್ನಡವೇಕೆ ಎಂಬ ಮಾತಿಗೆ ಉತ್ತರ ಚಿಕ್ಕದು: ಕೋಡ್ ಇಂಗ್ಲಿಷಿನಲ್ಲಿದ್ದರೂ ಅದು ಹೊರುವ ಮಾಹಿತಿ ಇಂಗ್ಲಿಷಲ್ಲ. ಮತದಾರರ ಹೆಸರು, ಪಹಣಿಯ ಸರ್ವೆ ವಿವರ, ನಿಘಂಟಿನ ಪದ, ಊರುಗಳ ಪಟ್ಟಿ ಎಲ್ಲವನ್ನೂ ಯಾರೋ ಒಬ್ಬರು ಟರ್ಮಿನಲ್ಲಿನಲ್ಲಿ ತೆರೆದು ತಪ್ಪು ಹುಡುಕಬೇಕು. ಇವತ್ತಿನ ಅನೇಕ ಟರ್ಮಿನಲ್ಲುಗಳ ಅಗಲದ ಕೋಷ್ಟಕ ‘ಸ್ತ್ರೀ’ಯಲ್ಲಿ ಸ, ತ, ರ ಮೂರಕ್ಕೂ ಒಂದೊಂದು ಮನೆ ಕೊಡುತ್ತದೆ, ಈಕಾರಕ್ಕೆ ಕೆಲವು ಕಡೆ ಇನ್ನೊಂದು. ಬರೆದಾಗ ತ ಮತ್ತು ರ ಕೆಳಗಿಳಿದು ಒತ್ತಾಗುತ್ತವೆ, ಅವುಗಳ ಮನೆ ಖಾಲಿ ಉಳಿಯುತ್ತದೆ, ಕರ್ಸರ್ ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಸಾಲು ಸಾಲಾಗಿ ಹೊಂದಬೇಕಾದ ಕೋಷ್ಟಕ ಅಡ್ಡಾದಿಡ್ಡಿಯಾಗುತ್ತದೆ. ತಪ್ಪು ಯಾರದೂ ಅಲ್ಲ. ಆ ಕೋಷ್ಟಕ ಮಾಡುವಾಗ ಕನ್ನಡಕ್ಕೆ ಎಷ್ಟು ಮನೆ ಎಂದು ಹೇಳುವವರು ಅಲ್ಲಿರಲಿಲ್ಲ.

ಕೆಲಸ ಎಷ್ಟು ದೊಡ್ಡದು ಎಂಬುದನ್ನೂ ಲೆಕ್ಕ ಹಾಕಿ ನೋಡಬಹುದು. ಸಾಲನ್ನು 16ರಿಂದ 24ಕ್ಕೆ ಏರಿಸೋಣ: ಗುಡಿಸು, ಏತ್ವಗಳಿಗೆ ನಾಲ್ಕು, ಮೈಗೆ ಒಂಬತ್ತು, ಒತ್ತಿಗೆ ಎಂಟು, ನಡುವಿನ ಖಾಲಿಗಳಿಗೆ ಮೂರು. ಅಗಲ 16. ವ್ಯಂಜನದ ಮೈ ನಾಲ್ಕು ಬಗೆಯಲ್ಲಿ ಬೇಕು: ತಲಕಟ್ಟಿನದು, ಗುಡಿಸಿನದು, ಏತ್ವದ್ದು, ಮತ್ತು ಇಳಿ, ಔತ್ವ, ಅರ್ಧಾಕ್ಷರಗಳಿಗಾಗಿ ತಲೆ ಬೋಳಾದದ್ದು. 34ಕ್ಕೆ ನಾಲ್ಕರಂತೆ 136. ಒತ್ತು 34. ಸ್ವರ 13. ಅಂಕಿ 10. ಅಡಿಗೆ ಮತ್ತು ಬಲಕ್ಕೆ ಬರುವ ಚಿಹ್ನೆಗಳು 11. ಒಟ್ಟು 204 ಚಿತ್ರ. ಹದಿನೈದು ಸಾವಿರ ಅಕ್ಷರಗಳೆಲ್ಲ ಇವುಗಳಿಂದಲೇ ಕಟ್ಟಿಕೊಳ್ಳುತ್ತವೆ. ಒಂದು ಚಿತ್ರಕ್ಕೆ 48 ಬೈಟ್, ಎಲ್ಲ ಸೇರಿ 9792. ವಿದ್ಯಾರ್ಥಿಗಳು ಬಳಸುವ ಆರ್ಡ್ವಿನೊ ಊನೊ ಹಲಗೆಯ 32 ಕಿಲೋಬೈಟಿನಲ್ಲೂ ಇದು ಮೂರನೆಯ ಒಂದು ಭಾಗದೊಳಗೆ ಮುಗಿಯುತ್ತದೆ. ಇದಕ್ಕೆ ಸೇರಿಸಬೇಕಾದದ್ದು ಲೆಕ್ಕಕ್ಕೆ ಸಿಗದ ಅಕ್ಷರಗಳು: ಕೊಂಬು ಬಲಕ್ಕೆ ನಿಲ್ಲದೆ ಅಡಿಯಿಂದ ಸುತ್ತಿಕೊಳ್ಳುವ ಪು, ಫು, ವು, ಗುಡಿಸು ಹಚ್ಚಿದಾಗ ಮೈಯನ್ನೇ ಬದಲಿಸುವ ಮಿ, ಯಿ, ಏತ್ವದ ಜತೆ ಕೊಂಬು ಬಂದಾಗ ಬೇರೆ ಥರ ಬರೆಯುವ ಮೊ, ಯೊ, ‘ರಾಷ್ಟ್ರ’ದಂತೆ ಎರಡು ಒತ್ತು ಬಂದಾಗ 16 ಚುಕ್ಕೆಯ ಅಗಲದಲ್ಲಿ ಎರಡನ್ನೂ ಅಕ್ಕಪಕ್ಕ ಕೂರಿಸುವ ಕಿರಿದಾದ ರೂಪಗಳು. ಹೆಚ್ಚಿನ ಸಮಯ ಹಿಡಿಯುವುದು ಇವೇ, ಶುರು ಮಾಡುವುದಾದರೆ ಇಲ್ಲಿಂದಲೇ ಮಾಡಬೇಕು.